ಬೀಗಿದವನಿಗೊಂದು ಬೀಗ

"ನಾವು ಹೋಗಿ ಬಂದಮೇಲೆ ಆ ದೇಶ ಮೊದಲಿನ ಹಾಗೆ ಇರಬಾರದು, ನೋಡ್ತಾ ಇರು!" ಎಂದು ನಾನು ಗುಡುಗಿದೆ.

"ಪಾಪ, ಆ ದೇಶ ನಿಮಗೇನು ಮಾಡಿತ್ತು?" ಎಂದಳು ನನ್ನ ಹೆಂಡತಿ, ಪೆಟ್ಟಿಗೆಯಲ್ಲಿ ಬಟ್ಟೆ ಮಡಿಸಿಡುತ್ತಾ.

ನಮ್ಮ ಚರ್ಚಿನಿಂದ ಒಂದು ಪುಟ್ಟ ತಂಡ ಕಡಲಾಚೆಯ ಊರೊಂದಕ್ಕೆ ಮಿಷನ್ ಟ್ರಿಪ್ ಹೊರಟಿತ್ತು. ಅಲ್ಲಿನ ಸಭೆಯವರು ಹೊಸದಾಗಿ ಕಟ್ಟುತ್ತಿದ್ದ ಪ್ರಾರ್ಥನಾ ಮಂದಿರಕ್ಕೆ ಸುಣ್ಣಬಣ್ಣ ಬಳಿದು, ಬರುವ ಭಾನುವಾರ ಅದರ ಪ್ರತಿಷ್ಠೆಯ ಆರಾಧನೆಯಲ್ಲಿ ಪಾಲ್ಗೊಂಡು ವಾಪಸ್ಸು ಬರುವುದು. ಇಷ್ಟೇ ಕೆಲಸ. ಆದರೆ ಆ ಆರಾಧನೆಯಲ್ಲಿ ಪ್ರಸಂಗ ಮಾಡುವ ಭಾಗ್ಯ ನನ್ನ ಪಾಲಿಗೆ ಬಂದಿತ್ತು! ಆಫೀಸಿನಲ್ಲಿ ಜನ್ಮವಿಡೀ ಇನ್ನೊಬ್ಬರ ಭಾಷಣಕ್ಕೆ ಕುರ್ಚಿ ಹಾಕಿಸಿದ ಗುಮಾಸ್ತ ನಾನು. ನೆಲ ನನ್ನ ಕಾಲಿಗೆ ತಾಗುತ್ತಿರಲಿಲ್ಲ. ವಿಷಯವನ್ನೂ ಆರಿಸಿಟ್ಟಿದ್ದೆ: "ತೆರೆದ ಬಾಗಿಲು."

ಜೊತೆಗೆ ನನ್ನ ಕಡೆಯಿಂದ ಕಾಣಿಕೆಯಾಗಿ ಒಂದು ಬೀಗವನ್ನೂ ಕೊಂಡಿದ್ದೆ. ಬಾಗಿಲೊಳಗೆ ಕೂರಿಸುವಂಥದ್ದು, ಹಿತ್ತಾಳೆ ಹಿಡಿಯದ್ದು, ತೂಕದಲ್ಲಿ ಕುಂಬಳಕಾಯಿಗೆ ಸಮನಾದದ್ದು.

"ಬೀಗ ಕೂರಿಸೋಕೆ ನಿಮಗೆ ಬರುತ್ತಾ?"

"ಬರೋದೇನು ಬಂತು? ನಾಲ್ಕು ತಿರುಪು ತಿರುಗಿಸಿದರಾಯ್ತು!"

"ಸರಿ," ಎಂದಳು. ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ, ಅವಳ 'ಸರಿ'ಯಷ್ಟು ಸರಿಯಿಲ್ಲದ ಮಾತು ಇನ್ನೊಂದಿಲ್ಲ.

ಅಲ್ಲಿ ನಮ್ಮನ್ನು ತಮ್ಮ ಮನೆಯಲ್ಲೇ ಉಳಿಸಿಕೊಂಡವರು ಆ ಊರಿನ ಪಾಸ್ಟರು. ಗುಂಡು ಮುಖ, ಗಟ್ಟಿ ನಗು. ಅವರಿಗೂ ನನಗೂ ಅರೆಬರೆ ಇಂಗ್ಲಿಷಿನಲ್ಲಿ ಮಾತು ಸಾಗುತ್ತಿತ್ತು. ನಿಮಗೆ ನಮ್ಮ ಮಾತಿನಲ್ಲೇ ಹೇಳುತ್ತೇನೆ. ಅವರ ತಾಯಿಗೆ ಮಾತ್ರ ಅವರ ಭಾಷೆ ಬಿಟ್ಟರೆ ಬೇರೆ ತಿಳಿಯದು. ಮಂದಿರಕ್ಕೆ ಜಾಗ ಕೊಟ್ಟವರೇ ಆ ಅಜ್ಜಿ. ತಮ್ಮ ತರಕಾರಿ ತೋಟವನ್ನೇ ಬಿಟ್ಟುಕೊಟ್ಟು, ಗೋಡೆ ಏಳುವುದನ್ನು ವರ್ಷಗಟ್ಟಲೆ ಕಿಟಕಿಯಿಂದ ನೋಡುತ್ತಾ ಕೂತಿದ್ದರಂತೆ. ಇಷ್ಟು ದಿನವಾದರೂ ಒಳಗೆ ಕಾಲಿಟ್ಟಿರಲಿಲ್ಲ. "ಪ್ರತಿಷ್ಠೆಯ ದಿನ ಎಲ್ಲರಿಗಿಂತ ಮೊದಲು ನಾನೇ ಒಳಗೆ ಹೋಗಬೇಕು" ಎನ್ನುವುದು ಅವರ ಆಸೆ.

ನನ್ನ ಹೆಂಡತಿ ಟೈಲರ್. ಬಂದ ದಿನವೇ ಹೆಂಗಸರ ನಡುವೆ ಕೂತು ಮಂದಿರದ ಕಿಟಕಿಗಳಿಗೆ ಪರದೆ ಹೊಲಿಯತೊಡಗಿದಳು. ಅಜ್ಜಿ ಪಕ್ಕದಲ್ಲೇ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದರು. ಇವಳು ಕನ್ನಡದಲ್ಲಿ, ಅವರು ತಮ್ಮ ಭಾಷೆಯಲ್ಲಿ, ಇಬ್ಬರೂ ಎಡೆಬಿಡದೆ ಮಾತು!

"ನಿನಗೆ ಅವರು ಹೇಳೋದು ಅರ್ಥ ಆಗುತ್ತೇನು?" ಎಂದು ಕೇಳಿದೆ.

"ಆಗದೆ ಏನು? ಮಂಡಿನೋವು, ಸೊಸೆ, ಬಟಾಣಿ ಬಳ್ಳಿ. ಎಲ್ಲಾ ಊರಲ್ಲೂ ಇರೋದೇ."

ನಾನು ಮಾತ್ರ ಘನಕಾರ್ಯಕ್ಕೆ ಇಳಿದೆ. ಮಂದಿರಕ್ಕೆ ಇದ್ದದ್ದು ಒಂದೇ ಬಾಗಿಲು. ಅದಕ್ಕೆ ಚಿಲಕವೂ ಇರಲಿಲ್ಲ.

"ಬೀಗ ಯಾಕೆ, ಅಣ್ಣಾ?" ಎಂದರು ಪಾಸ್ಟರು. "ಒಳಗೆ ಕದಿಯೋಕೆ ಬೆಂಚು ಬಿಟ್ಟರೆ ಏನಿದೆ? ಬೆಂಚು ಕದ್ದವನು ಕೂತುಕೊಳ್ಳೋಕೆ ಇಲ್ಲಿಗೇ ಬರಬೇಕಲ್ಲ!"

"ದೇವರ ಮನೆಗೆ ಭದ್ರತೆ ಬೇಡವೇ?" ಎಂದು ನಾನು ಬೀಗಿದೆ. ಬೀಗುತ್ತಲೇ ಬೀಗ ಕೂರಿಸಿದೆ. ಹೊರಗಿನ ಕಡೆ ಬೀಗದಕೈ ತೂರಿಸಲು ತೂತು ಕೊರೆಯಬೇಕಿತ್ತು. ಅದು ಸೋಮವಾರಕ್ಕೂ ಆದೀತು, ಮೊದಲು ಅಂದ ಮುಖ್ಯ ಎಂದು ಶನಿವಾರ ಸಂಜೆ ಬಾಗಿಲು, ಚೌಕಟ್ಟು, ಕೀಲು, ತಿರುಪು ಒಂದನ್ನೂ ಬಿಡದೆ ಗಟ್ಟಿಯಾಗಿ ನೀಲಿ ಬಣ್ಣ ಬಳಿದೆ. ಬಾಗಿಲು ಆಕಾಶದ ತುಂಡಿನ ಹಾಗೆ ಹೊಳೆಯಿತು. ನಾನೂ ಹೊಳೆದೆ, ಅಂಗಿಯ ತೋಳೆಲ್ಲ ನೀಲಿ!

ಭಾನುವಾರ ಬೆಳಿಗ್ಗೆ, ಯಾರೂ ಬರುವ ಮೊದಲೇ ಪ್ರಸಂಗವನ್ನು ಗಟ್ಟಿಯಾಗಿ ಒಮ್ಮೆ ಅಭ್ಯಾಸ ಮಾಡೋಣವೆಂದು ಮಂದಿರಕ್ಕೆ ಹೋದೆ. ಯಾರಾದರೂ ಕೇಳಿಸಿಕೊಂಡಾರು ಎಂಬ ನಾಚಿಕೆಯಿಂದ ಬಾಗಿಲು ಹಾಕಿಕೊಂಡೆ. 'ಟಕ್' ಎಂದಿತು ಬೀಗ. ಆಹಾ, ಎಂಥಾ ನಾದ!

ಖಾಲಿ ಬೆಂಚುಗಳಿಗೆ ಪ್ರಸಂಗ ಮಾಡಿದೆ. ಬೆಂಚುಗಳಿಗೆ ಕಣ್ಣಿದ್ದಿದ್ದರೆ ಅತ್ತುಬಿಡುತ್ತಿದ್ದವು. ಮುಗಿಸಿ, ಬೆವರೊರೆಸಿಕೊಂಡು, ಬಾಗಿಲ ಹಿಡಿ ಹಿಡಿದು ಎಳೆದೆ. ಹಿಡಿ ಬಂತು. ಬಾಗಿಲು ಬರಲಿಲ್ಲ!

ಕೈಯಲ್ಲಿ ಹಿತ್ತಾಳೆ ಹಿಡಿ, ಎದುರಿಗೆ ಆಕಾಶದ ತುಂಡು. ಬೀಗದಕೈ ತೂರಿಸಿ ತಿರುಗಿಸಿದೆ. ಅದು ಗಾಣದೆತ್ತಿನ ಹಾಗೆ ಸುತ್ತಿತೇ ಹೊರತು ಒಳಗೆ ಯಾವುದೂ ಅಲ್ಲಾಡಲಿಲ್ಲ. ಅಂಚಿಗೆ ಉಗುರು ಹಾಕಿ ಎಳೆಯೋಣವೆಂದರೆ ಹಸಿ ಬಣ್ಣ ಬಾಗಿಲನ್ನೂ ಚೌಕಟ್ಟನ್ನೂ ಅಂಟಿಸಿ ಒಂದು ಮಾಡಿಬಿಟ್ಟಿತ್ತು. ಕಿಟಕಿಗಳಿಗೋ ಗಟ್ಟಿ ಕಬ್ಬಿಣದ ಸರಳು. ಹೊರಗೆ ಆಗಲೇ ಜನರ ಸದ್ದು. ಹಬ್ಬದುಡುಪು ತೊಟ್ಟು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಸುತ್ತಮುತ್ತಲಿಂದ ಜನ ನಡೆದು ಬರುತ್ತಿದ್ದರು.

ಕಿಟಕಿಯ ಆಚೆ ನನ್ನ ಹೆಂಡತಿಯ ಮುಖ ಮೂಡಿತು.

"ರೀ, ಒಳಗೇನು ಮಾಡ್ತಿದೀರಿ? ಎಲ್ಲರೂ ಬಂದಾಯ್ತು, ಬಾಗಿಲು ತೆಗೀರಿ."

"ಅದು... ಬಾಗಿಲು ಸ್ವಲ್ಪ..."

"ಸ್ವಲ್ಪ ಏನು?"

ನಾನು ಹಿಡಿಯನ್ನು ಎತ್ತಿ ತೋರಿಸಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ದುಃಖಕ್ಕೆಂದು ತಿಳಿದೆ, ಭುಜ ಕುಣಿಯುವುದನ್ನು ನೋಡಿದ ಮೇಲೆ ಗೊತ್ತಾಯಿತು.

ಮನೆಗೆ ಓಡಿ ನನ್ನ ತಿರುಪುಳಿ ತಂದು ಸರಳುಗಳ ನಡುವೆ ತೂರಿಸಿದಳು. "ತಿರುಪು ಬಿಚ್ಚಿ."

"ತಿರುಪು ಎಲ್ಲಿದೆ ಅಂತ ಕಾಣಿಸ್ತಿಲ್ಲ. ಅದರ ಮೇಲೂ ಬಣ್ಣ ಬಳಿದಿದೀನಿ."

"ಒಂದೇ ಕೋಟಾ?"

"ಎರಡು."

"ಸರಿ," ಎಂದಳು.

ಪಾಸ್ಟರು ಬಂದರು. ಸಂಗತಿ ತಿಳಿದು ಅವರು ನಕ್ಕ ನಗೆಗೆ ಗಾಜು ಅದುರಿತು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಅವರ ಹಿಂದೆ, ಅಂಗಳದ ನಡುವೆ, ಕುರ್ಚಿಯಲ್ಲಿ ಅಜ್ಜಿ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಕೈಯಲ್ಲಿ ಹೂಗೊಂಚಲು. ಎಲ್ಲರಿಗಿಂತ ಮೊದಲು ಒಳಗೆ ಹೋಗಬೇಕೆಂದು ಕಾದವರು ಹೊರಗೆ. ನಿನ್ನೆ ಮೊನ್ನೆ ಬಂದ ನಾನು ಒಳಗೆ!

"ಪಾಸ್ಟರೇ, ನಿಮ್ಮ ತಾಯಿಗೆ ನಾನು ದೊಡ್ಡ ಅನ್ಯಾಯ ಮಾಡಿಬಿಟ್ಟೆ. ಕ್ಷಮಿಸಿ ಅಂತ ಹೇಳಿ."

ಅವರು ಹೋಗಿ ಹೇಳಿದರು. ಅಜ್ಜಿ ಕಿಟಕಿಯತ್ತ ನೋಡಿ, ಕೈಯಾಡಿಸಿ ಏನೋ ಅಂದರು. ಇಡೀ ಅಂಗಳ ಗೊಳ್ಳೆಂದಿತು.

"ಏನಂತೆ?"

"ಬಿಡುಗಡೆಯ ಸುವಾರ್ತೆ ತಂದವನಿಗೇ ಮೊದಲು ಬಿಡುಗಡೆ ಬೇಕಾಯ್ತಲ್ಲ, ಹೆದರಬೇಡ ಅಂತ ಹೇಳು ಅಂದರು. ಆರಾಧನೆ ಇಲ್ಲೇ ಶುರುಮಾಡೋಣ ಅಂತಾನೂ ಅಂದರು."

ಹಾಗೆ ಶುರುವಾಯಿತು. ಅಂಗಳದಲ್ಲಿ ಸಭೆ, ಕಿಟಕಿಯಲ್ಲಿ ನಾನು! ಅವರು ಹಾಡಿದರು, ನಾನು ಸರಳು ಹಿಡಿದು ತಲೆಯಾಡಿಸಿದೆ. ನಡುವೆ ನನ್ನ ಹೆಂಡತಿ ಸರಳಿನ ಸಂದಿಯಿಂದ ಚಹಾದ ಲೋಟ ಕೊಟ್ಟಳು.

"ಜೈಲಲ್ಲಿ ಊಟತಿಂಡಿ ಹೇಗಿದೆ?" ಎಂದು ಪಿಸುಗುಟ್ಟಿದಳು.

"ಮಾನ ಕಳೀಬೇಡ ಮಾರಾಯ್ತಿ!"

"ನಾನು ಕಳೆಯೋಕೆ ನೀವು ಎಲ್ಲಿ ಉಳಿಸಿದೀರಿ?"

ಆಮೇಲೆ ಪಾಸ್ಟರು ಗಂಭೀರವಾಗಿ ಎದ್ದು ನಿಂತು ಪ್ರಕಟಿಸಿದರು: "ಈಗ ನಮ್ಮ ಅತಿಥಿಗಳು ಒಳಗಿನಿಂದ ಪ್ರಸಂಗ ಮಾಡುತ್ತಾರೆ. ವಿಷಯ, ತೆರೆದ ಬಾಗಿಲು."

ಯಾರೋ ಒಬ್ಬರು ತಡೆಯಲಾರದೆ ಫಕ್ಕನೆ ನಕ್ಕರು. ಅಷ್ಟೇ, ಕಟ್ಟೆಯೊಡೆಯಿತು! ಗಂಡಸರು ಟೋಪಿಯಿಂದ ಮುಖ ಮುಚ್ಚಿಕೊಂಡರು, ಹೆಂಗಸರು ಒಬ್ಬರ ಮೇಲೊಬ್ಬರು ಒರಗಿದರು. ನಾನು ಇಂಗು ತಿಂದ ಮಂಗನಂತೆ ನಿಂತೆ. ಹಾಗೆ ನಿಂತವನಿಗೆ ಒಳಗೊಳಗೇ ಏನೋ ಸಡಿಲವಾಯಿತು. ಉರು ಹೊಡೆದ ಪ್ರಸಂಗವೆಲ್ಲ ಎಲ್ಲಿಗೋ ಹಾರಿ, ನಾನೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದೆ. ನಕ್ಕು ನಕ್ಕು ಕೊನೆಗೆ ಇಷ್ಟು ಹೇಳಿದೆ:

"ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮಗೆ ಬಾಗಿಲು ತೆರೆಯೋದು ಹೇಗೆ ಅಂತ ಕಲಿಸೋಕೆ ಬಂದೆ. ದಯವಿಟ್ಟು ನನಗೊಂದು ತೆರೆದುಕೊಡಿ!"

ಪಾಸ್ಟರು ಅನುವಾದಿಸುವಷ್ಟರಲ್ಲಿ ಗಂಡಸರೆಲ್ಲ ಅಂಗಿಯ ತೋಳು ಮಡಿಸಿದ್ದರು. "ಹಿಂದೆ ಸರೀರಿ!" ಎಂದು ಹೆಂಡತಿ ಕೂಗಿದಳು. ನಾನು ಮೂಲೆಯ ಬೆಂಚಿನ ಮೇಲೆ ಹತ್ತಿ ನಿಂತೆ. ಎಲ್ಲರೂ ಭುಜ ಕೊಟ್ಟರು. ಒಂದು ನೂಕು, ಇನ್ನೊಂದು ನೂಕು. ಬೀಗ, ಕೀಲು, ತಿರುಪು ಎಲ್ಲವೂ ಬುಡಸಮೇತ ಕಿತ್ತು, ಬಾಗಿಲು 'ಧಡಾರ್' ಎಂದು ಒಳಗೆ ಅಂಗಾತ ಬಿತ್ತು.

ಬೆಳಕು ನುಗ್ಗಿತು. ಆದರೆ ಜನ ನುಗ್ಗಲಿಲ್ಲ. ಎಲ್ಲರೂ ಎರಡು ಬದಿಗೆ ಸರಿದು ದಾರಿ ಬಿಟ್ಟರು. ನನ್ನ ಹೆಂಡತಿಯ ತೋಳು ಹಿಡಿದು ಅಜ್ಜಿ ಮೆಲ್ಲಗೆ ಬಂದರು. ಬಿದ್ದ ಬಾಗಿಲ ಮೇಲೆ, ಹಾಸಿದ ನೀಲಿ ರತ್ನಗಂಬಳಿಯ ಮೇಲೆ ನಡೆಯುವ ಹಾಗೆ, ಹೆಜ್ಜೆಯಿಟ್ಟು ಒಳಗೆ ಬಂದರು. ಸುತ್ತಲೂ ಗೋಡೆ ನೋಡಿದರು, ಸೂರು ನೋಡಿದರು, ತಾವು ದಾರ ಪೋಣಿಸಿಕೊಟ್ಟ ಪರದೆಗಳನ್ನು ನೋಡಿದರು. ಮೂಲೆಯಲ್ಲಿ ಬೆಂಚಿನ ಮೇಲೆ ನಿಂತಿದ್ದ ನನ್ನನ್ನು ಮಾತ್ರ ನೋಡಿಯೂ ನೋಡದವರಂತೆ ಮುಂದೆ ಹೋಗಿ ಹೂಗಳನ್ನಿಟ್ಟು ಮೊಣಕಾಲೂರಿದರು. ಎಲ್ಲರಿಗಿಂತ ಮೊದಲು! ನಾನು ಆಗ ಲೆಕ್ಕಕ್ಕಿರಲಿಲ್ಲ. ಜೀವಮಾನದಲ್ಲಿ ಲೆಕ್ಕಕ್ಕಿಲ್ಲದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಮಧ್ಯಾಹ್ನ ಆ ಬಾಗಿಲನ್ನೇ ಎರಡು ಪೀಪಾಯಿಗಳ ಮೇಲಿಟ್ಟು ಮೇಜು ಮಾಡಿ ಊಟ ಬಡಿಸಿದರು. ಇಷ್ಟು ಅಗಲವಾದ ಮೇಜು ಈ ಊರಲ್ಲೇ ಇರಲಿಲ್ಲವೆಂದು ಎಲ್ಲರೂ ನನ್ನ ಬೆನ್ನು ತಟ್ಟಿದರು. ಸೇವೆ ಮಾಡಲು ಬಂದ ನನ್ನ ತಟ್ಟೆಗೆ, ಸಾಕೆಂದರೂ ಕೇಳದೆ, ಊರೆಲ್ಲ ಬಡಿಸಿತು.

ಹೊರಡುವ ದಿನ ಅಜ್ಜಿ ನಮ್ಮಿಬ್ಬರನ್ನೂ ಕರೆದು ಎದುರಿಗೆ ನಿಲ್ಲಿಸಿಕೊಂಡರು. ನನ್ನ ತಲೆಯ ಮೇಲೆ ಒಂದು ಕೈ, ನನ್ನ ಹೆಂಡತಿಯ ತಲೆಯ ಮೇಲೆ ಇನ್ನೊಂದು ಕೈ. ಕಣ್ಣು ಮುಚ್ಚಿ ಪ್ರಾರ್ಥಿಸತೊಡಗಿದರು. ಎಂಥಾ ಪ್ರಾರ್ಥನೆ! ದನಿ ಏರಿತು, ಇಳಿಯಿತು, ನಡುಗಿತು. ಮುಗಿಯುವ ಲಕ್ಷಣವೇ ಇಲ್ಲ. ಪರಕೀಯನಾದ ನನಗೋಸ್ಕರ ಇಷ್ಟು ಬೇಡಿಕೊಳ್ಳುತ್ತಿದ್ದಾರಲ್ಲ ಎಂದು ನನ್ನ ಕಣ್ಣಲ್ಲಿ ನೀರು ತುಂಬಿತು. ಸುತ್ತ ನಿಂತವರು ಒಕ್ಕೊರಲಿನಿಂದ "ಆಮೆನ್" ಎಂದರು.

ಮೂಗೊರೆಸಿಕೊಳ್ಳುತ್ತಾ ಪಾಸ್ಟರನ್ನು ಕೇಳಿದೆ: "ಅಮ್ಮ ನನಗಾಗಿ ಏನು ಬೇಡಿಕೊಂಡರು?"

"ದೇವರೇ, ಈ ಮಗನನ್ನು ಸುಖವಾಗಿ ಮನೆಗೆ ಮುಟ್ಟಿಸು ಅಂದರು."

"ಅಷ್ಟೇನಾ? ಅಷ್ಟು ಹೊತ್ತು ಪ್ರಾರ್ಥಿಸಿದರಲ್ಲ!"

ಪಾಸ್ಟರು ಕೆಮ್ಮಿದರು. ಆಕಾಶ ನೋಡಿದರು.

"ಉಳಿದದ್ದೆಲ್ಲಾ ನಿಮ್ಮ ಹೆಂಡತಿಗೋಸ್ಕರ, ಅಣ್ಣಾ. ಈ ಗಂಡನ ಜೊತೆ ಬಾಳೋಕೆ ಈ ಮಗಳಿಗೆ ತಾಳ್ಮೆ ಕೊಡಪ್ಪಾ ಅಂತ."

ನಾನು ಅವಳಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವಳು ಮತ್ತೆ ಕೈಮುಗಿದು, ಕಣ್ಣು ಮುಚ್ಚಿ, ಒಬ್ಬಳೇ ಇನ್ನೊಂದು ಸಲ "ಆಮೆನ್" ಎಂದಳು.