ಹಾಯಿಗೆ ಒಂದಡಿ ಜಾಸ್ತಿ ಇರಲಿ

ಅರಕಲಗೂಡಿನ ಶಾಮಿಯಾನದ ಶಿವರಾಜುವಿಗೆ ಬಟ್ಟೆಯ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತಿತ್ತು. ಸುತ್ತಲ ಊರುಗಳ ಮದುವೆ, ತಿಥಿ, ಬೀಗರೂಟಗಳಿಗೆಲ್ಲ ನೆರಳು ದಯಪಾಲಿಸಿದ ಮಹಾನುಭಾವ ಅವನು. ಬೇರೆಯವರು ಬಟ್ಟೆಯನ್ನು ಟೇಪಿನಲ್ಲಿ ಅಳೆದರೆ ಇವನು ಕಣ್ಣಲ್ಲೇ ಅಳೆದು, ಮನಸ್ಸಮಾಧಾನಕ್ಕೆಂದು ಒಂದಡಿ ಸೇರಿಸುತ್ತಿದ್ದ. "ಜಾಸ್ತಿ ಇದ್ರೆ ಮಡಚಿ ಕಟ್ಬೋದು. ಕಮ್ಮಿ ಆದ್ರೆ ಬೀಗರ ಮುಂದೆ ಮಾನ ಓಯ್ತದೆ" ಎಂಬುದು ಅವನ ವೃತ್ತಿಧರ್ಮ.

ಇಂಥವನು ಒಂದು ಹಾಯಿದೋಣಿ ಕೊಂಡುಬಿಟ್ಟ.

ಸಕಲೇಶಪುರದ ಕಡೆಯ ಎಸ್ಟೇಟೊಂದಕ್ಕೆ ಶಾಮಿಯಾನ ಬಿಚ್ಚಲು ಹೋಗಿದ್ದಾಗ ಗೋದಾಮಿನ ಮೂಲೆಯಲ್ಲಿ ದೋಣಿ ಬೋರಲಾಗಿ ಬಿದ್ದಿತ್ತು, ಮೇಲೆ ಕೋಳಿಗಳು ಕೂತಿದ್ದವು. ಸಾಹುಕಾರರು ಅದನ್ನು ಗುಜರಿಗೆ ಹಾಕುವವರಿದ್ದರು. ಶಿವರಾಜುವಿಗೆ ತನ್ನ ಮದುವೆಯ ಇಪ್ಪತ್ತೈದನೇ ವರ್ಷ ನೆನಪಾಯಿತು. ಪಾಪ, ಅವನ ಮದುವೆಯ ದಿನ ಬರುವುದು ತುಂಬು ಲಗ್ನದ ಕಾಲದಲ್ಲಿ. ಪ್ರತಿವರ್ಷ ಆ ಹೊತ್ತಿಗೆ ಅವನು ಯಾರದೋ ಮನೆ ಮುಂದೆ ಕಂಬದ ಮೇಲಿರುತ್ತಿದ್ದ. ಈ ಸಲ ಹೆಂಡತಿಯನ್ನು ಗೊರೂರಿನ ಹಿನ್ನೀರಿನಲ್ಲಿ ಜಲವಿಹಾರಕ್ಕೆ ಕರೆದೊಯ್ಯುವುದೆಂದು ಅಲ್ಲೇ ಸಂಕಲ್ಪವಾಯಿತು.

"ಆಸನದ ಪ್ಯಾಟೆಗೆ ಕರ್ಕಂಡೋಗಿ ಒಂದ್ ಮಸಾಲೆದೋಸೆ ಕೊಡ್ಸಿದ್ರೂ ಆಯ್ತಿತ್ತು" ಎಂದಳು ಭಾನುಪ್ರಿಯಾ, ಲಗೇಜ್ ಆಟೋದಿಂದ ಇಳಿದ ದೋಣಿಯನ್ನು ನೋಡಿ. ಆಮೇಲೆ ಮೆಲ್ಲಗೆ, "ನಂಗೆ ಈಜಕ್ಕೆ ಬರಲ್ಲ ಕಣ್ರೀ" ಎಂದಳು.

"ನಂಗೂ ಬರಲ್ಲ ಕಣೆ. ಜೊತೇಲೇ ಇರ್ತೀವಲ್ಲ."

(ಇದು ಧೈರ್ಯ ಹೇಳುವ ಮಾತೋ ಹೆದರಿಸುವ ಮಾತೋ ಎಂದು ಅವಳು ಸ್ವಲ್ಪ ಹೊತ್ತು ಯೋಚಿಸಿದಳು.)

ದೋಣಿಯೇನೋ ಗಟ್ಟಿಯಾಗಿತ್ತು. ಹಾಯಿಯನ್ನು ಮಾತ್ರ ಇಲಿಗಳು ತಿಂದು ಮುಗಿಸಿದ್ದವು. ಅಳತೆಗೆ ಮಾದರಿಯೂ ಇಲ್ಲ. ಹೊಸ ಹಾಯಿಯ ಬೆಲೆ ಕೇಳಿದ ಮೇಲೆ ಶಿವರಾಜು ಹಳೆಯದನ್ನೇ ಹುಡುಕಿ, ಚೆನ್ನೈನ ಒಬ್ಬ ವ್ಯಾಪಾರಿಯನ್ನು ಫೋನಿನಲ್ಲಿ ಹಿಡಿದ. ಆತ ಮೈಸೂರಿನಲ್ಲಿ ಓದಿದವನು, ಕನ್ನಡ ಬರುತ್ತಿತ್ತು. ಅವನ ಹತ್ತಿರ ಚಿಕ್ಕದೊಂದು, ದೊಡ್ಡದೊಂದು ಹಾಯಿಗಳಿದ್ದವು.

"ಪೂರ್ತಿ ಕಂಬ ಅಳೀಬೇಡಿ ಸಾರ್. ಹಾಯಿಯ ಬುಡ ಕಟ್ಟೋಕೆ ಒಂದು ಅಡ್ಡಗೋಲು ಇರುತ್ತಲ್ಲ, ಅಲ್ಲಿಂದ ಮೇಲಿನ ರಾಟೆವರೆಗೆ ಮಾತ್ರ ಅಳೀರಿ. ಹಾಯಿ ಅದಕ್ಕಿಂತ ಒಂಚೂರು ಕಮ್ಮಿ ಇದ್ರೂ ನಡೆಯುತ್ತೆ, ಜಾಸ್ತಿ ಮಾತ್ರ ಬೇಡ."

ಶಿವರಾಜು ಫೋನಿಟ್ಟು ಹೆಂಡತಿಯ ಕಡೆ ತಿರುಗಿದ. "ಬಟ್ಟೆ ಕಮ್ಮಿ ಇದ್ರೂ ನಡೀತದಂತೆ. ಇವ್ನೆಂಥ ವ್ಯಾಪಾರಿ ಕಣೆ?"

ಕಂಬವನ್ನು ಅಂಗಳದಲ್ಲಿ ಮಲಗಿಸಿದರು. ಟೇಪಿನ ಒಂದು ತುದಿ ಭಾನುಪ್ರಿಯಾಳ ಕೈಯಲ್ಲಿ, ಕಂಬದ ಬುಡದಲ್ಲಿ. ಇನ್ನೊಂದು ತುದಿ ಹಿಡಿದು ಶಿವರಾಜು ನೆತ್ತಿಯವರೆಗೂ ನಡೆದ.

"ಅಡ್ಡಗೋಲಿಂದ ಕೆಳಗೆ ನಾವ್ ಕೂತಿರ್ತೀವಲ್ವಾ? ಅಲ್ಗೂ ಬಟ್ಟೆನಾ?" ಎಂದಳು ಅವಳು.

"ಕೂತೋರ್ಗೆ ನೆಳ್ಳು ಬ್ಯಾಡ್ವಾ?"

ಬಂದ ಅಳತೆಗೆ ಅವನು ಒಂದಡಿ ಸೇರಿಸಿ, ದೊಡ್ಡ ಹಾಯಿಯನ್ನೇ ಕಳಿಸಲು ಹೇಳಿದ. ಪಾರ್ಸೆಲ್ ಬಂದ ದಿನ ಬಿಚ್ಚಿ ಹರಡಿದರೆ ಅದು ಅಂಗಳ ತುಂಬಿ, ತುಳಸಿಕಟ್ಟೆಯನ್ನು ಮುಚ್ಚಿ, ಪಕ್ಕದ ಮನೆಯವರ ಸ್ಕೂಟರಿನ ಮೇಲೂ ಬಿತ್ತು.

"ಲಕ್ಷಣವಾಗೈತೆ" ಎಂದ ಶಿವರಾಜು.

ಮದುವೆಯ ದಿನ ಬಂತು. ಭಾನುಪ್ರಿಯಾ ರೇಷ್ಮೆ ಸೀರೆಯ ಮೇಲೆ ಲೈಫ್ ಜಾಕೆಟ್ ಅನ್ನು ಮನೆಯಲ್ಲೇ ಹಾಕಿಕೊಂಡು, ಕ್ಯಾರಿಯರ್ ಹಿಡಿದು ಆಟೋ ಹತ್ತಿದಳು. ಪೇಟೆಯವರೆಲ್ಲ ಅಂಗಡಿಯಿಂದ ಹೊರಬಂದು ನೋಡಿದರು.

ನೀರಿಗಿಳಿದು ಹಗ್ಗ ಎಳೆದರೆ ಹಾಯಿಯ ನೆತ್ತಿ ರಾಟೆ ಮುಟ್ಟಿತು. ಕೆಳಗೆ ಇನ್ನೂ ರಾಶಿ ಬಟ್ಟೆ ಉಳಿದಿತ್ತು. ಶಿವರಾಜು ಎದೆಗುಂದಲಿಲ್ಲ. ಕಸುಬಿನವನಂತೆ ಮಡಚಿ, ಗಂಟು ಹಾಕಿ, ಹಿಂದೆ ಚುಕ್ಕಾಣಿ ಹಿಡಿದು ಕೂತ. ಭಾನುಪ್ರಿಯಾ ಕಂಬದ ಮುಂದೆ ಕೂತಳು. ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ಬೀಸಿ ಗಂಟು ಬಿಚ್ಚಿತು. ಬಟ್ಟೆ ಮೊದಲು ಅವನ ತೊಡೆಗೆ, ಆಮೇಲೆ ಎದೆಗೆ ಬಂತು, ಕೊನೆಗೆ ಮುಖವನ್ನೇ ಮುಚ್ಚಿತು.

"ಏನ್ ಕಾಣ್ತದೆ ಪ್ರಿಯಾ?"

"ನೀರು. ನಿಮ್ಗೆ?"

"ಬಟ್ಟೆ."

ದೋಣಿ ತನ್ನ ಪಾಡಿಗೆ ಓಡುತ್ತಿತ್ತು. ಎದುರಿಗೆ ಮುಳುಗಿದ ಮರಗಳ ಒಣಗಿದ ತುದಿಗಳು ಕಂಡಾಗ ಭಾನುಪ್ರಿಯಾಳಿಗೆ ಎಲ್ಲಿತ್ತೋ ಧೈರ್ಯ, ಹಿಂದೆ ತಿರುಗಿ ಕೂತು, ಆಗಾಗ ಕತ್ತು ಹೊರಳಿಸಿ ಮರಗಳನ್ನು ನೋಡುತ್ತ ಅಪ್ಪಣೆ ಕೊಡತೊಡಗಿದಳು.

"ಎಡಕ್ಕೆ ತಿರುಗ್ಸಿ. ನಿಮ್ಮೆಡ ಅಲ್ಲ, ನನ್ನೆಡ. ಸಾಕು. ಅಂಗೇ ಬನ್ನಿ."

ಬಟ್ಟೆಯೊಳಗಿನ ನೌಕಾಧಿಪತಿ ಮರುಮಾತಿಲ್ಲದೆ ತಿರುಗಿಸಿದ. ಇಪ್ಪತ್ತೈದು ವರ್ಷದಲ್ಲಿ ಅವನು ಹೆಂಡತಿಯ ಮಾತನ್ನು ಇಷ್ಟು ಹೊತ್ತು ಸತತವಾಗಿ ಕೇಳಿದ್ದು ಅದೇ ಮೊದಲು. ದೋಣಿ ಮರಗಳ ನಡುವೆ ಹಾವಿನಂತೆ ನುಸುಳಿ, ಒಂದು ಸುತ್ತು ಹಾಕಿ, ಹೊರಟ ಜಾಗಕ್ಕೇ ಬಂದು ನಿಂತಿತು. ಅವಳ ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿದ್ದವು. "ಚೆನ್ನಾಗಿತ್ತು ಕಣ್ರೀ" ಎಂದಳು. ಏನನ್ನೂ ನೋಡಿರದ ಶಿವರಾಜು ಬಟ್ಟೆಯೊಳಗಿಂದ ತಲೆ ಹೊರಹಾಕಿದ.

ಚೆನ್ನೈನವನು ಒಳ್ಳೆಯವನು. ನಗದೆ ಹಾಯಿ ಬದಲಿಸಿಕೊಟ್ಟ. ಈ ಸಲ ಅಳತೆ ಕೊಟ್ಟವಳು ಭಾನುಪ್ರಿಯಾ. ಚಿಕ್ಕ ಹಾಯಿ ಕಂಬಕ್ಕೂ ಅಡ್ಡಗೋಲಿಗೂ ಹೊಲಿದಂತೆ ಕೂತಿತು. ಮಡಚಲು ಒಂದು ಬೆರಳಷ್ಟು ಬಟ್ಟೆಯೂ ಮಿಗಲಿಲ್ಲ. ಮುಂದಿನ ಭಾನುವಾರ ಶಿವರಾಜು ಎದೆಯುಬ್ಬಿಸಿ ಚುಕ್ಕಾಣಿ ಹಿಡಿದ.

"ಇವತ್ತು ನಂಗೆಲ್ಲ ಕಾಣ್ತದೆ. ನೀನು ಬಾಯ್ ಮುಚ್ಕಂಡು ಆರಾಮಾಗಿ ಕೂತ್ಕ."

ಅವಳು ಹಾಗೇ ಕೂತಳು. ದೋಣಿ ಬಾಣದಂತೆ ಹೊರಟಿತು. ಒಂದು ಸುಕ್ಕೂ ಇಲ್ಲದೆ ಬಿಗಿದು ನಿಂತ ಹಾಯಿಯನ್ನು ಶಿವರಾಜು ತಲೆಯೆತ್ತಿ ನೋಡಿದ. ನೋಡುತ್ತಲೇ ಇದ್ದ. ಆಗ ದಡ್ ಎಂದಿತು. ದೋಣಿ ನೀರಿನಡಿಯ ಬೊಡ್ಡೆಯೊಂದರ ಮೇಲೆ ಹತ್ತಿ, ಅಲ್ಲೇ ಪ್ರತಿಷ್ಠಾಪನೆಗೊಂಡಿತು.

"ಆ ಬೊಡ್ಡೆ ನೋಡ್ಲಿಲ್ವಾ ನೀನು?"

"ದೂರದಿಂದ್ಲೇ ನೋಡ್ದೆ. ಬಾಯ್ ಮುಚ್ಕ ಅಂದಿದ್ರಲ್ಲ."

ಹುಟ್ಟು ಹಾಕಿ ತಳ್ಳಿದರು, ಅಲುಗಾಡಿಸಿದರು, ದೋಣಿ ಕದಲಲಿಲ್ಲ. ಭಾನುಪ್ರಿಯಾ ಕ್ಯಾರಿಯರ್ ಬಿಚ್ಚಿದಳು. ಚಿತ್ರಾನ್ನವಿತ್ತು, ಕಜ್ಜಾಯವಿತ್ತು. ಹಾಯಿಯ ನೆರಳಲ್ಲಿ ಇಬ್ಬರೂ ಮೊಣಕಾಲು ತಾಗಿಸಿಕೊಂಡು ಊಟಕ್ಕೆ ಕೂತರು. ಅವನ ಪಾಲಿಗೆ ಅವಳು ಒಂದು ಕಜ್ಜಾಯ ಹೆಚ್ಚಿಗೆ ಹಾಕಿದಳು.

ಅಷ್ಟರಲ್ಲಿ ಮೀನು ಹಿಡಿಯುವ ಗುಂಡಯ್ಯ ತೆಪ್ಪ ಹಾಕಿಕೊಂಡು ಬಂದ. ದೋಣಿಯ ಸುತ್ತ ಒಮ್ಮೆ ಸುತ್ತಿ, ಬೊಡ್ಡೆ ನೋಡಿದ, ಹಾಯಿ ನೋಡಿದ.

"ಪಟ ಬೋ ಪಸಂದಾಗೈತೆ. ದೋಣಿ ಯಾರ್ದು ಸಾ?"

ಶಿವರಾಜು ಬಾಯಲ್ಲಿದ್ದ ಕಜ್ಜಾಯ ನುಂಗಿ, ತಲೆ ತಗ್ಗಿಸಿ, "ನಮ್ ಮನೆಯೋರ್ದು" ಎಂದ.

"ಊಂ ಕಣಣ್ಣ, ನಂದೇ" ಎಂದಳು ಭಾನುಪ್ರಿಯಾ, ಹಗ್ಗದ ತುದಿಯನ್ನು ಗುಂಡಯ್ಯನ ಕಡೆ ಎಸೆಯುತ್ತ. "ಡ್ರೈವರ್ ಒಸಬ್ರು."