ದಾಸವಾಳದ ಪಾತಿಗೆ ಹಳೇ ಸಾಮಾನು

ನಮ್ಮ ಓಣಿಯಲ್ಲಿ ಯಾವುದನ್ನೂ ಖಾಸಗಿಯಾಗಿ ಮಾಡುವಂತಿಲ್ಲ, ಗಿಡಕ್ಕೆ ಪಾತಿ ಕಟ್ಟುವುದನ್ನೂ. ಹಾಗಾಗಿ ಇಂಥವು ನನಗೆ ಆಗುತ್ತಲೇ ಇರುತ್ತವೆ.

ನಾನಿರುವುದು ಬಸವಕಲ್ಯಾಣದಲ್ಲಿ, ಪಾಠ ಹೇಳುವುದು ಹುಮನಾಬಾದಿನ ಒಂದು ಕಾಲೇಜಿನಲ್ಲಿ. ಮನೆಯ ಮುಂದೆ ಒಂದು ದಾಸವಾಳ. ಹೆಂಡತಿ ಕೊಡಂಬಲದ ತವರಿನಿಂದ ಟೊಂಗೆ ತಂದು ನೆಟ್ಟಿದ್ದು. ಎದುರುಮನೆಯವನು ಬೈಕು ತಿರುಗಿಸುವಾಗ ಎರಡು ಸಲ ಅದರ ಮೇಲೆ ಹತ್ತಿಸಿದ್ದ. ತವರಿನ ಮೂಲ ಗಿಡ ಒಣಗಿಹೋಗಿತ್ತು. ಇದು ಸತ್ತರೆ ಮತ್ತೊಂದಿಲ್ಲ.

"ಮೂರನೇ ಸಲ ಹತ್ತಿಸಿದ್ರ ನಾ ಅವನ ಜೋಡಿ ಅಲ್ಲ, ನಿಮ್ಮ ಜೋಡಿ ಜಗಳಾ ತೆಗಿತೀನಿ" ಎಂದಳು ಹೆಂಡತಿ.

ಸುತ್ತ ಅಂಚು ಕಟ್ಟುವುದು ನನ್ನ ಪಾಲಿಗೆ ಬಂತು. ಇದಕ್ಕಾಗಿ ಹೊಸ ಇಟ್ಟಿಗೆ ಕೊಳ್ಳುವುದು ನನ್ನ ಸ್ವಭಾವದಲ್ಲಿಲ್ಲ.

ಟೈರು

ಹುಮನಾಬಾದಿನ ಪಂಕ್ಚರ್ ಅಂಗಡಿಯವನು ಜೀಪಿನ ಸವೆದ ಟೈರೊಂದನ್ನು ಪುಕ್ಕಟೆ ಕೊಟ್ಟ. ಹೊತ್ತುಕೊಂಡು ಬಸ್ಸು ಹತ್ತಿದೆ. ಲಗೇಜ್ ಟಿಕೆಟ್ ಕೇಳಿದರೆ ವಾದಕ್ಕೆ ಸಿದ್ಧನಾಗಿದ್ದೆ. ಕಂಡಕ್ಟರ್ ಟೈರನ್ನು ಒತ್ತಿ ನೋಡಿದ. "ಒಳಗ ತರ್ರಿ ಸರ. ನಮ್ಮ ಸ್ಟೆಪ್ನಿಗಿಂತ ಚಲೋ ಅದ."

ಗಿಡದ ಸುತ್ತ ಇಟ್ಟ ನಾಲ್ಕನೇ ದಿನ ಟೈರು ಮಾಯ. ನೋಡಿದರೆ ಎದುರುಮನೆಯ ಚಾವಣಿಯ ತಗಡಿನ ಮೇಲೆ ಕೂತಿದೆ.

"ಗಾಳಿಗಿ ಮ್ಯಾಲಿನ ಪತ್ರಾ ಹಾರಾಕತ್ತಿತ್ರಿ ಸರ" ಎಂದ ಬೈಕಿನವನು. "ನಿಮ್ದು ನೆಲದಾಗ ಖಾಲಿ ಕುಂತಿತ್ತು."

"ಖಾಲಿ ಎಲ್ಲಿತ್ತಪ್ಪ? ನಡುವ ಗಿಡ ಇತ್ತಲ್ಲ!"

"ಗಿಡಾ ಅಲ್ಲೇ ಬಿಟ್ಟೀನಲ್ರಿ!"

ಬಾಟಲಿ

ಗುಜರಿ ಸಾಮಾನಿನ ಭಂಗಾರ ಅಂಗಡಿಯಿಂದ ಒಂದು ಚೀಲ ಖಾಲಿ ಬಿಯರ್ ಬಾಟಲಿ ಕೊಂಡು ತಂದೆ. ಕುತ್ತಿಗೆ ಕೆಳಗಾಗಿ ಸಾಲಾಗಿ ಹೂಳಿದೆ. ಬಿಸಿಲಿಗೆ ಹೊಳೆದು ಚೆನ್ನಾಗಿಯೇ ಕಾಣುತ್ತಿತ್ತು. ಮರುದಿನ ಮಾವ ಬಂದರು. ಅವರು ಕೊರಳಲ್ಲಿ ತುಳಸಿಮಾಲೆ ಇರುವ ಭಕ್ತರು, ಉಳ್ಳಾಗಡ್ಡಿಯನ್ನೂ ತಿನ್ನುವುದಿಲ್ಲ. ಗಿಡದ ಸುತ್ತಲಿನ ಬಾಟಲಿಗಳನ್ನು ಒಂದೊಂದಾಗಿ ಎಣಿಸಿದರು.

"ಇಷ್ಟೂ ಯಾವಾಗ್ರಿ ಅಳಿಯಂದ್ರ?"

"ನಾ ಕುಡದಿದ್ದಲ್ರಿ ಮಾವಾ. ಖಾಲಿ ಇದ್ದವೇ ರೊಕ್ಕ ಕೊಟ್ಟು ತಂದೀನಿ."

ಮಾವ ಮಗಳ ಕಡೆ ತಿರುಗಿದರು. "ಕುಡಿತ ಆಗಿದ್ರ ಹ್ಯಾಂಗಾರ ಬಿಡಸಬಹುದಿತ್ತವ್ವ. ಇದಕ್ಕ ಔಷಧ ಎಲ್ಲದ?"

ಸಂಜೆಯೊಳಗೆ ಬಾಟಲಿಗಳು ವಾಪಸು ಹೋದವು.

ಕಲ್ಲು

ಕೊನೆಗೆ ಐದು ಕಲ್ಲು ನೆಟ್ಟೆ. ಬೈಕಿನವನ ಕಣ್ಣಿಗೆ ಬೀಳಲೆಂದು ಸುಣ್ಣ ಬಳಿದೆ. ಅದೇ ತಪ್ಪಾಯಿತು. ನಮ್ಮ ಕಡೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುತ್ತಾರೆ. ಎಂ.ಎ. ಓದುವಾಗ ಈ ಆಚರಣೆಯ ಮೇಲೆ ಪ್ರಬಂಧ ಬರೆದಿದ್ದೆ. ಸುಣ್ಣ ಬಳಿಯುವಾಗ ನೆನಪಾಗಲಿಲ್ಲ.

ಅಮಾವಾಸ್ಯೆಯ ದಿನ ಎದುರುಮನೆಯವರು ಮೋರಖಂಡಿಯ ಹೊಲಕ್ಕೆ ಹೋದರು. ಮೊಣಕಾಲು ನೋವೆಂದು ಬೈಕಿನವನ ತಾಯಿಯನ್ನು ಬಿಟ್ಟುಹೋಗಿದ್ದರು. ಮುದುಕಿ ಸುಮ್ಮನೆ ಕೂರಲಿಲ್ಲ. ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ತಂದು ನಮ್ಮ ಕಲ್ಲುಗಳಿಗೆ ಎಡೆ ಇಟ್ಟಳು. ಕುಂಕುಮ ಹಚ್ಚಿ, ಮೇಲೆ ಜೋಳದ ದಂಟಿನ ಚಪ್ಪರ ಕಟ್ಟಿದಳು. ಸಂಜೆ ಮಗ ಬಂದವನೇ ದೂರದಲ್ಲೇ ಬೈಕು ಆರಿಸಿದ, ಕೈಮುಗಿದ, ನೂಕಿಕೊಂಡು ಸುತ್ತಿಹೋದ. ಅಂದಿನಿಂದ ದಿನವೂ ಹಾಗೆಯೇ. ಗಿಡ ಮೊಗ್ಗು ಬಿಟ್ಟಿತು.

"ಇನ್ನ ನೀವು ಬಾಯಿ ತೆರೀಬ್ಯಾಡ್ರಿ" ಎಂದಳು ಹೆಂಡತಿ.

ಎರಡು ವಾರ ತೆರೆಯಲಿಲ್ಲ. ಒಂದು ಬೆಳಗ್ಗೆ ಮುದುಕಿ ಕಲ್ಲುಗಳಿಗೆ ನೀರು ಹಾಕುತ್ತಿದ್ದಳು. ತಡೆಯಲಾಗಲಿಲ್ಲ.

"ಆಯಿ, ಇವು ಪಾಂಡವರಲ್ಲ. ಹಿತ್ತಲದಾಗಿನ ಹಳೇ ಪಾಯಖಾನಿ ಕೆಡವಿದಾಗ ಬಂದ ಕಲ್ಲು."

ಒಳಗೆ ಹೆಂಡತಿ ಪಾತ್ರೆ ತಿಕ್ಕುವ ಸದ್ದು ನಿಂತಿತು. ಮುದುಕಿ ಮಾತ್ರ ತಂಬಿಗೆ ಕೆಳಗಿಡಲಿಲ್ಲ.

"ಒಂದ್ ವರ್ಷ ಅಜ್ಞಾತವಾಸ ಇತ್ತಲ್ರಿ ಸರ. ಯಾರಿಗೂ ಗುರ್ತು ಹತ್ತಬಾರದು ಅಂದ್ರ ಮತ್ತ ಎಲ್ಲಿ ಅಡಗಬೇಕಿತ್ತ್ರಿ?"