ಕೂರಲಿಕ್ಕೆ ತಂದ ಕಂಬಳಿ

ಮನೆಗೆ ನೆಂಟರು ಬರುತ್ತಾರೆ ಅಂದರೆ ಹೆಚ್ಚಿನವರು ಊಟಕ್ಕೆ ಎಂತ ಮಾಡುವುದು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಸಣ್ಣ ಚಿಂತೆ. ಊಟ ಹೊಟ್ಟೆಗೆ ಹೋದ ಮೇಲೆ ಯಾರಿಗೂ ಕಾಣುವುದಿಲ್ಲ. ಹಾಕಿದ ಚಾಪೆ ಮಾತ್ರ ಅವರು ಬಂದಲ್ಲಿಂದ ಹೋಗುವವರೆಗೂ ಕಣ್ಣೆದುರೇ ಬಿದ್ದಿರುತ್ತದೆ. ನಮ್ಮ ಬಂಟ್ವಾಳದ ಮನೆಯ ಚಾಪೆಗಳು ಆಗ ಎಂಥ ಸ್ಥಿತಿಯಲ್ಲಿದ್ದವು ಅಂದರೆ, ಕೂತವರು ಎದ್ದರೆ ಚಾಪೆಯೂ ಸ್ವಲ್ಪ ಎದ್ದು ಅವರ ಹಿಂದೆಯೇ ಹೊರಡುತ್ತಿತ್ತು. ಮಗಳು ಜಲಜಳನ್ನು ನೋಡಲು ಮೊದಲು ಬಂದಿದ್ದ ಸಂಬಂಧದವರು ಹೊರಡುವಾಗ ಅಂಗಳದಲ್ಲಿ ನಿಂತು ಸೀರೆ ಕೊಡವಿಕೊಂಡದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಮತ್ತೆ ಆ ಕಡೆಯಿಂದ ಸುದ್ದಿಯೇ ಇಲ್ಲ. ಜಲಜಳ ಬಾಯಿ ನನ್ನ ಹಾಗೆಯೇ, ಅದೂ ಕಾರಣ ಇರಬಹುದು. ನಾನು ಮಾತ್ರ ತಪ್ಪನ್ನು ಚಾಪೆಯ ಮೇಲೆಯೇ ಹಾಕಿದೆ. ಈಗ ಬೆಳ್ತಂಗಡಿಯ ಇನ್ನೊಂದು ಸಂಬಂಧ ಬರುವುದಿತ್ತು. ಹುಡುಗನಿಗೆ ಸರ್ಕಾರಿ ಕೆಲಸ. ಇದೂ ತಪ್ಪಿಹೋದರೆ ಮತ್ತೆ ಯಾರು ಬರುತ್ತಾರೆ? ನನ್ನ ಗಂಡ ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದರು. ಮನೆಯಲ್ಲಿ ನನ್ನ ಅಮ್ಮ, ಅಣ್ಣ, ನಾನು, ಜಲಜ. ಇವರಲ್ಲಿ ಚಾಪೆಯ ಚಿಂತೆ ನನಗೊಬ್ಬಳಿಗೆ.

ಆಗಲೇ ಮೂಡುಬಿದಿರೆಯ ಮಾಸ್ಟ್ರೊಬ್ಬರು ಹೆಂಗಸರಿಗೆ ಅಂತ ಒಂದು ಪ್ರವಾಸ ಹೊರಡಿಸಿದರು. ಬೈಲುಕುಪ್ಪೆಗೆ ಟಿಬೆಟಿನವರು ಬಂದು ಕೂತು ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ಅವರ ಮಠ, ಪೂಜೆ, ಕೈಕೆಲಸ ಎಲ್ಲ ನೋಡಿ ಬರುವ, ಜ್ಞಾನ ಹೆಚ್ಚುತ್ತದೆ ಅಂತ ಅವರ ಮಾತು. ನನ್ನ ಕಿವಿಗೆ ಬಿದ್ದದ್ದು ಒಂದೇ, ಅಲ್ಲಿ ಉಣ್ಣೆಯ ಕಂಬಳಿ ನೇಯುತ್ತಾರೆ ಅಂತ. ಜ್ಞಾನವನ್ನು ಹಾಸಿ ನೆಂಟರನ್ನು ಕೂರಿಸಲಿಕ್ಕೆ ಆಗುವುದಿಲ್ಲವಲ್ಲ. ಹೊರಟೆ.

ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಮೂಡುಬಿದಿರೆಯ ಪದ್ಮಾವತಿಯಮ್ಮ, ಜೈನರು, ಬಸದಿಗೆ ಹೋಗುವ ಹಾಗೆ ಮಡಿಕೆ ಕೆಡದ ಸೀರೆ. ಮಾಸ್ಟ್ರು ಕುತ್ತಿಗೆಗೆ ಶಾಲೆಯ ಸೀಟಿ ಕಟ್ಟಿಕೊಂಡು ಡ್ರೈವರನ ಹಿಂದೆ ನಿಂತಿದ್ದರು. ಸಂಪಾಜೆ ಘಾಟಿ ಏರುವಾಗ ಬುದ್ಧನ ಕಥೆ ಶುರುಮಾಡಿದರು. ಅರಮನೆ ಬಿಟ್ಟು ಹೊರಟ ಅನ್ನುವಷ್ಟರಲ್ಲಿ ಅರ್ಧ ಬಸ್ಸಿನ ತಲೆ ಕಿಟಕಿಯಿಂದ ಹೊರಗೆ. ಮಾಸ್ಟ್ರು ಸೀಟಿ ಊದಿ, "ಎಡಗಡೆಯವರು ವಾಂತಿ ಮುಗಿಸಿ, ಮುಖ್ಯ ವಿಷಯ ಈಗ ಬರ್ತದೆ" ಅಂದರು. ಪದ್ಮಾವತಿಯಮ್ಮ ಲಿಂಬೆಹುಳಿ ಮೂಸುತ್ತಾ, "ಈ ಕಥೆ ನಮ್ಮಲ್ಲಿಯೂ ಉಂಟು, ಅರಮನೆ ಬಿಟ್ಟ ತೀರ್ಥಂಕರರು ಇಪ್ಪತ್ತನಾಲ್ಕು ಜನ. ಇವರದ್ದು ಒಬ್ಬರೇ" ಅಂದರು, ಸಂತೆಯಲ್ಲಿ ಪಕ್ಕದವರ ಬುಟ್ಟಿ ನೋಡಿ ಹೇಳುವ ಹಾಗೆ.

ಮಠ ಅಂದರೆ ನಾನು ದೊಡ್ಡ ಕಂಬ, ಗೋಪುರ ಎಲ್ಲ ಎಣಿಸಿದ್ದೆ. ನೋಡಿದರೆ ನಮ್ಮೂರಿನ ಶಾಲೆಯಂಥ ಉದ್ದದ ಹಂಚಿನ ಕಟ್ಟಡ. ಊರು ಬಿಟ್ಟು ಬಂದವರು, ಅಷ್ಟು ಮಾಡಿದ್ದೇ ಹೆಚ್ಚು. ಒಳಗೆ ಮಾತ್ರ ಬಣ್ಣವೋ ಬಣ್ಣ. ಬೆಣ್ಣೆಯ ದೀಪಗಳು ಸಾಲಾಗಿ ಉರಿಯುತ್ತಿದ್ದವು. ಕೆಂಪು ಬಟ್ಟೆಯ ಸನ್ಯಾಸಿಗಳು ಕೂತು ಗಂಟಲಿನ ಅಡಿಯಿಂದ ಮಂತ್ರ ಹೇಳುತ್ತಿದ್ದರು. ಅವರು ಉಸಿರು ಯಾವಾಗ ತೆಗೆಯುತ್ತಾರೆ ಅಂತ ನೋಡುತ್ತಾ ಕೂತು ನಾನೇ ಉಸಿರು ಕಟ್ಟಿಕೊಂಡೆ. ಕೊನೆಗೆ ಎಲ್ಲರಿಗೂ ಚಹಾ ಕೊಟ್ಟರು. ಉಪ್ಪು ಮತ್ತು ಬೆಣ್ಣೆ ಹಾಕಿದ ಚಹಾ. ಹಿಂದಿನ ಸಾಲಿನವರೆಲ್ಲ ಲೋಟ ಹಿಡಿದು ಮುಖ ಮುಖ ನೋಡಿಕೊಂಡರು. ಚಹಾ ಅಂತ ಕುಡಿದರೆ ಕಷ್ಟ, ಸಾರು ಅಂತ ಕುಡಿದರೆ ಏನೂ ತೊಂದರೆ ಇಲ್ಲ. ನಾನು ಎರಡು ಲೋಟ ಕುಡಿದೆ, ಒಂದು ನನ್ನದು, ಒಂದು ಪದ್ಮಾವತಿಯಮ್ಮನದು.

ಕಂಬಳಿ ನೇಯುವ ಜಾಗಕ್ಕೆ ಬಂದಾಗ ಮಾಸ್ಟ್ರ ಸೀಟಿಗೂ ಕಾಯದೆ ಮುಂದೆ ಹೋದೆ. ಹೆಂಗಸರು ಎತ್ತರದ ಮಗ್ಗದ ಎದುರು ಕೂತು, ಸೊಂಟಕ್ಕೆ ಪಟ್ಟೆ ಪಟ್ಟೆಯ ಬಟ್ಟೆ ಕಟ್ಟಿಕೊಂಡು, ನೂಲಿಗೆ ಗಂಟು ಹಾಕಿ ಕೊಯ್ದು, ಹಾಕಿ ಕೊಯ್ದು, ನಡುವೆ ನಗುತ್ತಾ ಹರಟೆ ಹೊಡೆಯುತ್ತಿದ್ದರು. ಒಬ್ಬಳು ನೇಯ್ದಿಟ್ಟ ಕಂಬಳಿಯ ಮೇಲೆಯೇ ಕೂತು ಮಗುವಿಗೆ ತಿನ್ನಿಸುತ್ತಿದ್ದಳು. ಪದ್ಮಾವತಿಯಮ್ಮನಿಗೆ ಸಂಶಯ, ಇದಕ್ಕೆ ಕುರಿ ಕೊಲ್ಲುತ್ತಾರಾ ಅಂತ. ಮಾಸ್ಟ್ರು ಹಿಂದಿಯಲ್ಲಿ ಕೇಳಿದರು. ಆ ಹೆಂಗಸಿಗೆ ಮಾಸ್ಟ್ರ ಹಿಂದಿ ಅರ್ಥವಾಗಲಿಲ್ಲ, ಪದ್ಮಾವತಿಯಮ್ಮನ ಮುಖ ಅರ್ಥವಾಯಿತು. ಎರಡು ಬೆರಳನ್ನು ಕತ್ತರಿ ಮಾಡಿ ತನ್ನ ತಲೆ ಬೋಳಿಸುವ ಹಾಗೆ ತೋರಿಸಿ, ಕುರಿಯ ಹಾಗೆ ಕೂಗಿ, ಎದ್ದು ಓಡಿ ಹೋಗುವ ಹಾಗೆ ಮಾಡಿದಳು. ಕುರಿ ಬದುಕಿದ್ದು ಖಾತ್ರಿ ಆದ ಕೂಡಲೇ ಪದ್ಮಾವತಿಯಮ್ಮ ನಾನು ಕೈ ಇಟ್ಟಿದ್ದ ತಾವರೆ ಹೂವಿನ ಕಂಬಳಿಯನ್ನು ಎಳೆದುಕೊಂಡರು.

"ಅದು ನಾನು ನೋಡಿದ್ದು" ಅಂದೆ.

"ನೋಡಿ ನೀವು. ತೆಗೊಳ್ಳುವುದು ನಾನಲ್ವಾ" ಅಂದರು.

ಅಹಿಂಸೆ ಕುರಿಗೆ ಮಾತ್ರ ಅಂತ ಕಾಣುತ್ತದೆ. ಉಳಿದದ್ದು ಒಂದೇ ದೊಡ್ಡ ಕಂಬಳಿ. ಕಡು ನೀಲಿ, ಅದರ ಮೇಲೆ ಕೆಂಪು ಬಣ್ಣದ, ಮೈ ಸುತ್ತಿಕೊಂಡ ಉದ್ದದ ಪ್ರಾಣಿ, ಮೈಯೆಲ್ಲ ಹುರುಪೆ, ಬಾಯಲ್ಲಿ ಬೆಂಕಿ. ಮಾಸ್ಟ್ರು, "ಇದು ಡ್ರ್ಯಾಗನ್, ಶುಭ. ರತ್ನಗಂಬಳಿ ಇದು, ಬಿಡಬೇಡಿ" ಅಂದರು. ನಾನು ಕೈಯಿಂದ ಒತ್ತಿ ನೋಡಿದೆ. ಮೆತ್ತಗಿತ್ತು, ಅಂಚು ಗಟ್ಟಿಯಿತ್ತು, ಬೆಳ್ತಂಗಡಿಯವರು ಎಷ್ಟು ದಪ್ಪ ಇದ್ದರೂ ತಡೆಯುತ್ತಿತ್ತು. ತೆಗೆದುಕೊಂಡೆ. ಪ್ರಾಣಿಯ ಕಡೆ ನಾನು ಸರಿಯಾಗಿ ನೋಡಲೇ ಇಲ್ಲ.

ನೋಡಿದ್ದು ನನ್ನ ಅಮ್ಮ. ಚಾವಡಿಯಲ್ಲಿ ಕಂಬಳಿ ಬಿಡಿಸಿದ ಕೂಡಲೇ ಅವಳು ಎರಡೂ ಕಾಲನ್ನು ಬೆಂಚಿನ ಮೇಲೆ ಎಳೆದುಕೊಂಡಳು.

"ಇದು ಯಾರು?"

"ಕಂಬಳಿ" ಅಂದೆ.

"ಕಂಬಳಿ ಅಂತ ನನಗೂ ಕಾಣ್ತದೆ. ಕಂಬಳಿಯ ಮೇಲೆ ಯಾರು?"

ಅಮ್ಮನ ಕಣ್ಣಿಗೆ ಅದು ನಾಗ. ನಮ್ಮ ಊರಿನಲ್ಲಿ ನಾಗನನ್ನು ಮೆಟ್ಟುವುದು ಅಂದರೆ ಎಂತ ಅಂತ ಬೇರೆ ಹೇಳಬೇಕಾಗಿಲ್ಲ. ಮನೆಯ ಹಿಂದೆ ನಾಗಬನ, ಅಲ್ಲಿಯ ಒಣಗಿದ ಕಡ್ಡಿಯನ್ನು ಕೂಡ ನಾವು ಒಲೆಗೆ ಹಾಕುವವರಲ್ಲ. ಆದರೂ ನಾನು ಬಿಡಲಿಲ್ಲ. "ಅಮ್ಮ, ಸರಿಯಾಗಿ ನೋಡು. ಇದಕ್ಕೆ ನಾಲ್ಕು ಕಾಲು ಉಂಟು. ಮೀಸೆ ಉಂಟು. ನಾಗನಿಗೆ ಕಾಲು ಎಲ್ಲಿಂದ?"

ಅಮ್ಮ ಬಗ್ಗಿ ಕಾಲುಗಳನ್ನು ಎಣಿಸಿದಳು. "ಆ ಟಿಬೆಟಿನವರ ದೇಶದಲ್ಲಿ ನೆಲ ಎಲ್ಲ ಮಂಜುಗಡ್ಡೆಯಂತೆ. ಹೊಟ್ಟೆಯಲ್ಲಿ ಹರಿದರೆ ಥಂಡಿ ಆಗುವುದಿಲ್ವಾ? ಅದಕ್ಕೇ ಕಾಲು ಬಂದಿರಬೇಕು" ಅಂದಳು.

ಅಣ್ಣ ಜಾಣ. ಕಂಬಳಿಯನ್ನು ಮಗುಚಿ ಹಾಸುವ, ಚಿತ್ರ ಕೆಳಗೆ ಹೋಗ್ತದೆ ಅಂದ. "ಹೌದು, ಅವನ ಮುಖವನ್ನು ನೆಲಕ್ಕೆ ಒತ್ತಿ ಬೆನ್ನಿನ ಮೇಲೆ ಕೂತುಕೊಳ್ಳಿ" ಅಂತ ಅಮ್ಮ ಅಂದ ಮೇಲೆ ಅವನು ಭಟ್ಟರನ್ನು ಕೇಳಿ ಬರುತ್ತೇನೆ ಅಂತ ತಪ್ಪಿಸಿಕೊಂಡ. ಭಟ್ಟರು ಹೇಳಿದರಂತೆ, "ಟಿಬೆಟಿನ ನಾಗನ ವಿಷಯ ನಮ್ಮ ಶಾಸ್ತ್ರದಲ್ಲಿ ಬರುವುದಿಲ್ಲ. ಆದರೆ ಮೆಟ್ಟದಿದ್ದರೆ ನಷ್ಟ ಏನೂ ಇಲ್ಲ." ಜಲಜ ಒಳಗಿನಿಂದ, "ಹಾಗಾದರೆ ಬೆಳ್ತಂಗಡಿಯವರು ನಿಂತೇ ನನ್ನನ್ನು ನೋಡಲಿ" ಅಂದಳು. ಹೇಳಿದೆನಲ್ಲ, ಬಾಯಿ ನನ್ನದೇ.

ಕೆಳಗೆ ಇಟ್ಟರೆ ಗೆದ್ದಲು, ಮಡಚಿ ಇಟ್ಟರೆ ನಾಗನ ಸೊಂಟ ಮುರಿಯುತ್ತದೆ ಅಂತ ಅಮ್ಮ. ಕೊನೆಗೆ ಚಾವಡಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆವು. ಅಮ್ಮ ನಾಗನಿಗೆ ಇಡುವ ಹಾಗೆ ಒಂದು ಹಿಂಗಾರ, ಅಡಿಕೆಯ ಹೂವು, ಸಿಕ್ಕಿಸಿದಳು. ಅದರ ಕೆಳಗೆ ನಮ್ಮ ಅದೇ ಹಳೆಯ ಚಾಪೆಗಳು ಬಿದ್ದವು.

ಬೆಳ್ತಂಗಡಿಯವರು ಬಂದರು. ಹುಡುಗ, ಅವನ ತಾಯಿ, ಸೋದರಮಾವ. ನಾನು ಚಾಪೆಯನ್ನೇ ನೋಡುತ್ತಿದ್ದೆ. ಅವರು ಗೋಡೆಯನ್ನು ನೋಡುತ್ತಿದ್ದರು. ಬೆಲ್ಲ ನೀರು ಕೊಟ್ಟರೂ ಹುಡುಗನ ತಾಯಿ ಲೋಟ ಮುಟ್ಟಲಿಲ್ಲ.

"ಇದು ಎಲ್ಲಿಂದ?" ಅಂತ ಕೇಳಿದರು.

ಯಾವುದಾದರೂ ಒಳ್ಳೆಯ ಸುಳ್ಳು ಹೇಳಬಹುದಿತ್ತು. ನನಗೆ ಸುಳ್ಳು ಬೇಕಾದ ಹೊತ್ತಿಗೆ ಬರುವುದಿಲ್ಲ. "ಬೈಲುಕುಪ್ಪೆಯಿಂದ. ಕೂರಲಿಕ್ಕೆ ತಂದದ್ದು" ಅಂದೆ.

"ಕೂರಲಿಕ್ಕೆ?" ಅಂದರು. ಸೋದರಮಾವ ಕೆಮ್ಮಿದರು. ಅಣ್ಣ ನನ್ನನ್ನು ನೋಡಿದ ನೋಟ ಈಗಲೂ ನೆನಪುಂಟು. ಬಾಗಿಲ ಹಿಂದೆ ಜಲಜಳ ಬಳೆಯ ಸದ್ದು ನಿಂತಿತು. ಈ ಸಂಬಂಧವೂ ಹೋಯಿತು, ಈ ಸಲ ಚಾಪೆಯ ತಪ್ಪೂ ಅಲ್ಲ ಅಂತ ನಾನು ಎಣಿಸುವಷ್ಟರಲ್ಲಿ, ಅಮ್ಮ ಬೆಂಚಿನಲ್ಲಿ ಕೂತಲ್ಲಿಂದಲೇ ಗೋಡೆಯ ಕಡೆ ಕೈ ತೋರಿಸಿ ನಿಧಾನಕ್ಕೆ ಹೇಳಿದಳು, "ಇವಳು ತಂದದ್ದು ಕೂರಲಿಕ್ಕೇ. ಅವನು ಬಂದದ್ದು ಬೇರೆ ಕಾರಣಕ್ಕೆ. ಮನೆ ಒಳಗೆ ಬಂದ ಮೇಲೆ ಗೊತ್ತಾಯ್ತು. ಮತ್ತೆ ನಾವು ಯಾರೂ ಕಾಲು ತಾಗಿಸಲಿಲ್ಲ. ಹರಕು ಚಾಪೆಯಲ್ಲಿ ನಿಮ್ಮನ್ನು ಕೂರಿಸಿದ್ದು ಅದಕ್ಕೇ."

ಹುಡುಗನ ತಾಯಿ ಚಾಪೆಯನ್ನು ಆಗ ಮೊದಲ ಸಲ ನೋಡಿದರು. ಕೈಯಿಂದ ಸವರಿದರು, ಪ್ರಸಾದ ಮುಟ್ಟುವ ಹಾಗೆ. ನಂತರ ಲೋಟ ಎತ್ತಿ ನೀರು ಕುಡಿದು, "ಹುಡುಗಿಯನ್ನು ಕರೀರಿ" ಅಂದರು. ಜಲಜ ಬಂದಳು, ಕೇಳಿದ್ದಕ್ಕೆ ಚುಟುಕಾಗಿ ಉತ್ತರ ಕೊಟ್ಟಳು, ಹುಡುಗ ತಲೆ ಎತ್ತಿದ, ಎಲೆ ಅಡಿಕೆ ಆಯಿತು. ಹೊರಡುವಾಗ ಆ ತಾಯಿ ನನ್ನ ಕೈ ಹಿಡಿದು, ಗೋಡೆಯ ಕಡೆ ನೋಡಿ, "ಬೇರೆ ನಮಗೆ ಏನೂ ಬೇಡ. ಅವನು ಹುಡುಗಿಗಾಗಿಯೇ ಬಂದದ್ದು ಅಂತ ಕಾಣ್ತದೆ. ಅವಳ ಜೊತೆ ಅವನನ್ನೂ ಕಳಿಸಿಕೊಡಿ" ಅಂದರು. ಇಲ್ಲ ಅನ್ನಲಿಕ್ಕೆ ಅಮ್ಮ ಎಲ್ಲಿ ಬಿಟ್ಟಳು?

ಹೀಗೆ ಜನ್ಮದಲ್ಲಿ ಒಮ್ಮೆ ನಾನಾಗಿ ಆರಿಸಿ ತಂದ ವಸ್ತುವಿನ ಮೇಲೆ ನಾನು ಒಂದು ಕ್ಷಣವೂ ಕೂರಲಿಲ್ಲ. ಅದು ಕಂಬಳಿಯೇ ಅಂತ ನನಗೆ ಇಂದಿಗೂ ಸಂಶಯ ಇಲ್ಲ. ಕುರಿಯ ಉಣ್ಣೆ, ಬಣ್ಣ, ಗಂಟು. ಇದನ್ನು ಬೀಗಿತ್ತಿಯ ಮುಖಕ್ಕೇ ಹೇಳಬೇಕು ಅಂತ ಮದುವೆಯ ನಂತರ ಮೊದಲ ಸಲ ಬೆಳ್ತಂಗಡಿಗೆ ಹೋಗುವಾಗ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋದೆ. ಅವರ ಮನೆಯ ಒಳಕೋಣೆಯಲ್ಲಿ ಕಂಬಳಿಯ ಎದುರು ದೀಪ ಇಟ್ಟಿದ್ದರು. ಬೀಗಿತ್ತಿ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. ಹೇಳಲು ಬಾಯಿ ತೆರೆದೆ. ನೋಡಿದರೆ ನನ್ನ ಎರಡು ಕೈ ಆಗಲೇ ಜೋಡಿಸಿಕೊಂಡಿದ್ದವು, ಚಪ್ಪಲಿ ಕೂಡ ಹೊರಗೆಯೇ ಬಿಟ್ಟು ಬಂದಿದ್ದೆ. ಜಲಜ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಬಾಯಿ ತೆರೆದದ್ದು ದಂಡವಾಗಬಾರದು ಅಂತ ಮಗಳಿಗೆ ಮಕ್ಕಳಾಗಲಿ ಅಂತ ಬೇಡಿಕೊಂಡೆ.